ದೇವರ ಬಾಗಿಲಿನ ಹುಡಿ

ನನ್ನ ಗಂಡ ಕೆತ್ತನೆಯ ಯಂತ್ರವನ್ನು ಮನೆಗೆ ತಂದ ವಾರದಲ್ಲಿಯೇ ಅತ್ತೆಯ ಉಬ್ಬಸ ತಿರುಗಿ ಬಂತು. ಅಲ್ಲಿಂದಲೇ ಹೇಳಬೇಕು. ಆಮೇಲೆ ನಾವು ಮಾಡಿದ್ದೆಲ್ಲ ಅವರ ಉಸಿರಿಗಾಗಿಯೇ, ಕೊನೆಗೆ ಮರೆತದ್ದೂ ಅದನ್ನೇ.

ನಮ್ಮ ಮನೆ ಹೆಮ್ಮಾಡಿಯಿಂದ ವಂಡ್ಸೆಗೆ ಹೋಗುವ ದಾರಿಯಲ್ಲಿದೆ. ಗಂಡ ಬಹಳ ವರ್ಷ ಮುಂಬೈಯ ಒಂದು ಫರ್ನಿಚರ್ ಕಾರ್ಖಾನೆಯಲ್ಲಿದ್ದು ಊರಿಗೆ ಬಂದವರು. ಇಲ್ಲಿ ಬಾಗಿಲು, ಅದರ ಚೌಕಟ್ಟಿನ ದಾರಂದ, ದೇವರ ಮಂಟಪ ಕೆತ್ತುತ್ತಿದ್ದರು. ಬಲ ಭುಜ ಸೋತ ಮೇಲೆ ಉಳಿ ಹಿಡಿದರೆ ಕೈ ನಡುಗುತ್ತಿತ್ತು. ಹಾಗಾಗಿ ಯಾರೋ ಬಳಸಿ ಬಿಟ್ಟ ಯಂತ್ರವೊಂದನ್ನು ತಂದು, ಮನೆಗೆ ತಾಗಿದ ಬದಿಯ ಕೋಣೆಯಲ್ಲಿ ಇಟ್ಟರು. ಒಂದು ಮಂಚದಷ್ಟು ದೊಡ್ಡ ಮೇಜು, ಅದರ ಮೇಲೆ ಅತ್ತಿತ್ತ ಓಡಾಡುವ ಒಂದು ತಲೆ, ತಲೆಗೆ ಬೆರಳಷ್ಟು ಉದ್ದದ ತಿರುಗುವ ಉಳಿ. ಕಂಪ್ಯೂಟರಿನಲ್ಲಿ ಚಿತ್ರ ಹಾಕಿದರೆ ಅದೇ ಬಳ್ಳಿ ಕೊರೆಯುತ್ತದೆ, ಗಿಣಿ ಕೊರೆಯುತ್ತದೆ.

ಅತ್ತೆ ಅದನ್ನು ಮೊದಲ ದಿನ ಬಾಗಿಲಲ್ಲಿ ನಿಂತು ಸುಮಾರು ಹೊತ್ತು ನೋಡಿದರು. "ನೀ ಎಂಟ್ ದಿನ ಕೂಕಂಡ್ ಮಾಡುದ್ ಇದ್ ಮಧ್ಯಾಹ್ನದೊಳ್ಗೆ ಮಾಡಿತ್ತಲ್ದಾ ಮಗಾ" ಎಂದರು. "ಉಂಬುಕೂ ಕೇಂತಿಲ್ಲ. ನಿಂಗಿಂತ ಇದೇ ಲಾಯಕ್."

"ಹಂಗಾರೆ ಅದನ್ನೇ ಮಗ ಅಂದೆಳಿ ಕರಿ" ಎಂದರು ಗಂಡ.

ಯಂತ್ರ ಊಟ ಕೇಳಲಿಲ್ಲ ನಿಜ, ಆದರೆ ನಮ್ಮ ಊಟದಲ್ಲೆಲ್ಲ ಕುಳಿತಿತು. ಅಕ್ಕಿ ತೊಳೆದರೆ ನೀರಿನ ಮೇಲೆ ಮರದ ಹುಡಿ. ಹಾಲಿನ ಕೆನೆಯಲ್ಲಿ ಹುಡಿ. ದೇವರ ದೀಪದ ಎಣ್ಣೆಯಲ್ಲಿ ಹುಡಿ ಬಿದ್ದು ಬತ್ತಿ ಚಟಚಟ ಎನ್ನುತ್ತಿತ್ತು. ನಾನು ದಿನಕ್ಕೆ ಮೂರು ಸಲ ಗುಡಿಸಿದೆ. ಗುಡಿಸಿದಷ್ಟೂ ಅದು ಎದ್ದು, ಮನೆಯೊಳಗಿನ ಓಣಿ ದಾಟಿ, ಎದುರಿನ ಅತ್ತೆಯ ಕೋಣೆಗೆ ಹೋಯಿತು. ಚಿಕ್ಕಂದಿನಿಂದ ಅವರ ಎದೆ ಗಟ್ಟಿ ಇರಲಿಲ್ಲ. ಕುಂದಾಪುರದ ಡಾಕ್ಟರು ಕೊಟ್ಟ, ಬಾಯಿಗಿಟ್ಟು ಎಳೆದುಕೊಳ್ಳುವ ಪಂಪು ತಲೆದಿಂಬಿನಡಿ ಇರುತ್ತಿತ್ತು, ವರ್ಷಕ್ಕೆ ಒಂದೆರಡು ಸಲ ಮಾತ್ರ ಬೇಕಾಗುತ್ತಿತ್ತು. ಈಗ ದಿನಕ್ಕೆ ಎರಡು ಸಲ ಬೇಕಾಯಿತು.

ಗಂಡನಿಗೆ ತಾಯಿಯ ಮೇಲೆ ಪ್ರೀತಿ ಹೆಚ್ಚು. ಯಂತ್ರ ನಿಲ್ಲಿಸುತ್ತೇನೆ ಎಂದರು. ಅತ್ತೆ ಬಿಡಲಿಲ್ಲ. "ಯಂತ್ರ ನಿಲ್ಸಿರೆ ಉಂಬುದೆಂತ? ಹುಡಿ ನಿಲ್ಸ್" ಎಂದರು.

ಹುಡಿ ನಿಲ್ಲಿಸುವುದು ಒಂದೇ ದಿನದ ಕೆಲಸವಲ್ಲ. ನಾನು ಮೊದಲು ಬಿಟ್ಟದ್ದು ಹಿಡಿಸೂಡಿ. ಬೆಳಿಗ್ಗೆ ಗುಡಿಸದೆ ಒಲೆಯ ಹತ್ತಿರ ಹೋಗದ ಹೆಂಗಸಿಗೆ ಅದು ಸುಲಭವಲ್ಲ. ಒದ್ದೆ ಬಟ್ಟೆಯಿಂದ ಒರೆಸುವುದೇ ಸರಿ ಎಂದು ಕಂಡುಕೊಂಡೆ. ಆ ಕೋಣೆಯ ಬಾಗಿಲಿಗೆ ಹಳೆಯ ನೂಲಿನ ಸೀರೆಯೊಂದನ್ನು ಒದ್ದೆ ಮಾಡಿ ಇಳಿಬಿಟ್ಟೆ. ಗಂಡ ತಿರುಗುವ ಉಳಿಯ ಸುತ್ತ ಒಂದು ಲಂಗ ಮಾಡಿದರು. ಹಳೆಯ ರೈನ್‌ಕೋಟನ್ನು ಬೆರಳಗಲಕ್ಕೆ ಸೀಳಿ ಅದಕ್ಕೆ ಹೊಲಿದುಕೊಟ್ಟದ್ದು ನಾನು. ಹುಡಿ ಹಾರುವ ಮೊದಲೇ ಆ ಲಂಗದೊಳಗಿಂದ ಪ್ಲಾಸ್ಟಿಕ್ ಪೈಪು ಅದನ್ನು ಎಳೆದು, ಪೈಂಟಿನ ದೊಡ್ಡ ಡ್ರಮ್ಮಿಗೆ ಒಯ್ಯುತ್ತದೆ. ಡ್ರಮ್ಮಿನೊಳಗೆ ಗಾಳಿ ಮಜ್ಜಿಗೆ ಕಡೆದ ಹಾಗೆ ಸುತ್ತುತ್ತದೆ, ಭಾರದ ಹುಡಿ ಕೆಳಗೆ ಕೂರುತ್ತದೆ. ಉಳಿದ ನಯ ಹುಡಿಯನ್ನು ಹಿಡಿಯಲು ದಪ್ಪ ಬಟ್ಟೆಯ ಎರಡು ಪದರದ ಚೀಲ. ಅದನ್ನೂ ನಾನೇ ಹೊಲಿದೆ. ಎಳೆಯುವ ಮೋಟಾರನ್ನು ಗೋಡೆಯ ಆಚೆ ಇಟ್ಟರು.

ಕಿಟಕಿ ಒಂದು ಬೆರಳಷ್ಟು ತೆರೆದಿರಬೇಕು ಎಂದು ಗಂಡ ಹೇಳಿದಾಗ ನನಗೆ ಅರ್ಥವಾಗಲಿಲ್ಲ. ಹುಡಿ ಹೊರಗೆ ಹೋಗಬಾರದೆಂದರೆ ಮುಚ್ಚಬೇಕಲ್ಲ ಎಂದೆ.

"ಕೋಣೆಗೂ ಉಸ್ರ್ ಬೇಕ್ ಮಾರಾಯ್ತಿ. ಒಳ್ಗೆ ಗಾಳಿ ಬರ್ದೆ ಎಂತದನ್ನ್ ಎಳುದ್ ಅದ್?"

ಸುಳ್ಳಲ್ಲ. ಮೋಟಾರು ಹಾಕಿದ ಕೂಡಲೇ ಬಾಗಿಲಿನ ಒದ್ದೆ ಸೀರೆ ಒಳಕ್ಕೆ ವಾಲುತ್ತಿತ್ತು, ನಿಲ್ಲಿಸಿದರೆ ಸಡಿಲಾಗಿ ಹಿಂದೆ ಬರುತ್ತಿತ್ತು. ಅತ್ತೆ ಮಂಚದಿಂದ ಅದನ್ನು ನೋಡುತ್ತಿದ್ದರು. ಮಳೆಗಾಲ ಕಳೆಯುವ ಹೊತ್ತಿಗೆ ಹಾಲಿನ ಕೆನೆ ಬಿಳಿಯಾಯಿತು.

ಸಂಜೆ ದೀಪ ಹಚ್ಚುವಾಗ ಆ ದಿನ ದೇವರು ಕೊಟ್ಟದ್ದನ್ನು ಮನಸ್ಸಿನಲ್ಲೇ ಎಣಿಸುವುದು ನನ್ನ ಅಭ್ಯಾಸ. ದೊಡ್ಡದೇನೂ ಇರುವುದಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಿತು, ಒಣಗಿಸಿದ ಹಪ್ಪಳ ಮಳೆಗೆ ಸಿಗಲಿಲ್ಲ, ಹೀಗೆ. ಹುಡಿ ನಿಂತ ಆ ಮೂರು ತಿಂಗಳು ನಾನು ಎಣಿಸಿದ್ದರಲ್ಲಿ ಅತ್ತೆಯೇ ಹೆಚ್ಚು. ಇವತ್ತು ಪಂಪು ಮುಟ್ಟಲಿಲ್ಲ. ಇವತ್ತು ತುಳಸಿ ಕಟ್ಟೆಗೆ ಮೂರು ಸುತ್ತು ಬಂದರು, ನಡುವೆ ನಿಲ್ಲಲಿಲ್ಲ.

ಚಳಿ ಹಿಡಿದ ಮೇಲೆ ಒಂದು ಬೆಳಿಗ್ಗೆ ವಂಡ್ಸೆ ಕಡೆಯ ಒಂದು ದೈವಸ್ಥಾನದವರು ಟೆಂಪೊದಲ್ಲಿ ಹಲಸಿನ ಹಲಗೆಗಳನ್ನು ತಂದಿಳಿಸಿದರು. ಗುಡಿಗೆ ಹೊಸ ದಾರಂದ ಮತ್ತು ಬಾಗಿಲು. ಶುದ್ಧದಲ್ಲಿ ಮಾಡಿ ಎಂದು ಹೇಳಿ, ಹಲಗೆಗೆ ಕೈ ಮುಗಿದು ಹೋದರು. ಮತ್ತೇನೂ ಹೇಳಲಿಲ್ಲ.

ಶುದ್ಧ ಎಂದರೆ ಎಷ್ಟು ಎಂದು ಯಾರೂ ಅಳೆದು ಕೊಡುವುದಿಲ್ಲ. ನಾನು ನನ್ನ ಅಳತೆಯಲ್ಲಿ ಹಿಡಿದೆ. ಆ ಕೋಣೆಗೆ ಚಪ್ಪಲಿ ಇಲ್ಲ, ಮಿಂದೇ ಹೋಗುವುದು, ಮನೆಗೆ ಮೀನು ಇಲ್ಲ. ಮೀನಿನ ಬುಟ್ಟಿ ಹೊತ್ತು ಬರುವ ಹೆಂಗಸು ಅಂಗಳದಲ್ಲಿ ನಿಂತು ಕರೆದಾಗ ಬೇಡ ಎಂದೆ.

"ಬಂಗ್ಡೆ ಕಾಣಿ, ಈಗ ದೋಣಿಂದ ಇಳ್ದದ್ದ್. ಎಂತಕ್ಕೆ ಬ್ಯಾಡ?"

"ದೇವ್ರ ಬಾಗ್ಲ್ ಕೆತ್ತುಕಿತ್ತ್. ಮುಗಿಯುವರಿಗೆ ಇಲ್ಲ."

"ಕೆತ್ತುದ್ ಮೆಶಿನ್ ಅಲ್ದಾ? ಅದ್ ಮೀನ್ ಬ್ಯಾಡ ಅಂತಾ?"

"ನೀ ಸುಮ್ನೆ ಹೋಯ್."

"ಹೋತೆ ಹೋತೆ. ಮೆಶಿನಿಗೆ ಬೇಕಾರೆ ಕರೀರಿ" ಎಂದು ನಗುತ್ತ ಹೋದಳು. ಒಳಗೆ ಅತ್ತೆಯೂ ನಕ್ಕದ್ದು ಕೇಳಿಸಿತು. ನಗುವಿನ ಕೊನೆಗೆ ಕೆಮ್ಮು ಬರಲಿಲ್ಲ.

ಹಲಸಿನ ಹುಡಿ ಅರಿಶಿನದಂತೆ ಹಳದಿ. ಮೊದಲ ದಿನದ ಕೆತ್ತನೆ ಮುಗಿದು, ಎಲ್ಲ ಸ್ವಿಚ್ ಆಫ್ ಆದ ಮೇಲೆ, ಡ್ರಮ್ಮು ತುಂಬಿದೆಯೇ ಎಂದು ನೋಡಲು ಹೋಗಿ ಪೈಪಿಗೆ ಕೈ ಇಟ್ಟೆ. ಚುರುಕ್ ಎಂದು ಹೊಡೆಯಿತು. ಒಂದು ನೀಲಿ ಕಿಡಿ ಹಾರಿದ್ದನ್ನು ಕಣ್ಣಾರೆ ಕಂಡೆ. ಕೈಯ ರೋಮ ಪೈಪಿನ ಕಡೆಗೆ ನೆಟ್ಟಗೆ ನಿಂತಿತ್ತು. ಕರೆಂಟು ಇಲ್ಲದ ಪ್ಲಾಸ್ಟಿಕ್ ಪೈಪು ಹೊಡೆಯುವುದೆಂದರೇನು. ಮರುದಿನ ಪುನಃ ಹಾಗೆಯೇ ಆಯಿತು, ಮೊದಲಿಗಿಂತ ಜೋರಾಗಿ.

ಡ್ರಮ್ಮಿನ ಮುಚ್ಚಳ ತೆಗೆದು ನೋಡಿದೆ. ಕೆಳಗೆ ಹಳೆಯ ಹುಡಿ, ಯಾರ ಯಾರದೋ ಮಂಚದ್ದು, ಕಪಾಟಿನದ್ದು. ಹಿಂದಿನ ವಾರ ಹೆಂಡದ ಬಾರೊಂದರ ಬೋರ್ಡು ಕೆತ್ತಿದ್ದರು, ಅದರದ್ದೂ ಇತ್ತು. ಅದರ ಮೇಲೆ ದೈವದ ಮರದ ಹಳದಿ ಹುಡಿ ಬಿದ್ದಿತ್ತು. ಮುಚ್ಚಳವನ್ನು ನೆಲಕ್ಕೆ ಇಟ್ಟೆ. ಗಂಡನನ್ನು ಕರೆದೆ.

"ಹ್ವಾಯ್, ಹುಡಿ ಎಳು ಮೋಟಾರ್ ನಿಲ್ಸಿ. ದೈವಕ್ಕೆ ಸಮ ಕಾಣ್ತಿಲ್ಲ."

"ಎಂತ ಸಮ ಕಾಣ್ತಿಲ್ಲ?"

"ಎರಡ್ ದಿನ ಹೊಡಿತ್ ನಂಗೆ. ಬಾರಿನ್ ಹುಡಿ ಒಟ್ಟಿಗೆ ದೇವ್ರ್ ಹುಡಿ ಹಾಕಿರೆ ಸುಮ್ನೆ ಇರತ್ತಾ?"

"ಅಬ್ಬಿ ಉಬ್ಬಸಕ್ಕೆ ಎಂತ ಮಾಡ್ತೆ?" ತಾಯಿಯನ್ನು ಅವರು ಅಬ್ಬಿ ಎಂದೇ ಕರೆಯುವುದು.

ನಾನು ಏನೂ ಹೇಳುವ ಮೊದಲೇ ಅತ್ತೆ ತಮ್ಮ ಕೋಣೆಯಿಂದ ಕೂಗಿ ಹೇಳಿದರು. "ದೇವ್ರ್ ಹುಡಿ ಎಂತ ಮಾಡುದಿಲ್ಲ ಮಗಾ. ಹೆಣ್ಣ್ ಹೇಳ್ದಾಂಗೆ ಮಾಡ್."

ಅವರು ನಿಲ್ಲಿಸಿದರು.

ದಾರಂದ, ಬಾಗಿಲು ಎರಡಕ್ಕೂ ಮೈತುಂಬ ಕೆತ್ತನೆ, ಒಟ್ಟು ಹದಿನೆಂಟು ದಿನ ನಡೆಯಿತು. ಮೂರನೆಯ ದಿನದಿಂದ ಎಳೆಯುವ ಮೋಟಾರು ಇಲ್ಲ. ದೇವರ ಹುಡಿ ರಸ್ತೆಗೆ ಹಾರಿ ನಾಲ್ಕು ಜನ ತುಳಿಯಬಾರದೆಂದು ಕಿಟಕಿಯನ್ನೂ ಮುಚ್ಚಿದೆ. ದಿನದ ಕೆಲಸ ನಿಂತ ಮೇಲೆ ನಾನು ನೆಲಕ್ಕೆ ಮೊಣಕಾಲೂರಿ, ಹುಡಿಯನ್ನು ಕೈಯಿಂದಲೇ ಹೊಸ ಬಟ್ಟೆಗೆ ಒಟ್ಟುಮಾಡಿ, ಬೆಳಕು ಇರುವಾಗಲೇ ಹೊಳೆಗೆ ಬಿಟ್ಟು ಬರುತ್ತಿದ್ದೆ. ನೀರಿನ ಮೇಲೆ ಅದು ಹಳದಿಯಾಗಿ ಹರಡಿ ಹೋಗುವುದನ್ನು ನೋಡಲು ಚಂದ ಇತ್ತು. ಪುಣ್ಯದ ಕೆಲಸ ಎನಿಸುತ್ತಿತ್ತು. ಮನೆಗೆ ಬಂದು ದೀಪ ಹಚ್ಚಿದೆನೆಂದರೆ ಮತ್ತೆ ಒರೆಸುವುದು, ಝಾಡಿಸುವುದು ಇಲ್ಲ. ದೀಪ ಹಚ್ಚಿದ ಮೇಲೆ ಮನೆಯಿಂದ ಏನನ್ನೂ ಹೊರಗೆ ಹಾಕಬಾರದೆಂದು ನಮ್ಮಲ್ಲಿ ಕಟ್ಟು. ಕೈಗೆ ಸಿಗದ ನಯ ಹುಡಿ ಗಾಳಿಯಲ್ಲಿಯೇ ಇದ್ದು, ಬಾಗಿಲಿನ ಸೀರೆಯ ಬದಿಯಿಂದ ಮೆಲ್ಲಗೆ ಓಣಿಯ ಕಡೆಗೆ ಹೋಗುತ್ತಿತ್ತು.

ಅತ್ತೆ ಗೋಡೆಯ ಕಡೆಗೆ ಮುಖ ಮಾಡಿ ಮಲಗಲು ಶುರುಮಾಡಿದರು. ಹೇಗಿದ್ದೀರಿ ಎಂದರೆ, "ಎಂತ ಆಯ್ಲಿಲ್ಲ ಹೆಣೆ, ನಿನ್ ಕೆಲ್ಸ ಮಾಡ್" ಎನ್ನುತ್ತಿದ್ದರು. ಅವರ ಎದೆಯಲ್ಲಿ ಸೀಟಿ ಹೊಡೆದಂತಹ ಸದ್ದು ನನಗೆ ಅಡುಗೆಮನೆಗೆ ಕೇಳಿಸುತ್ತಿತ್ತು. ಕೇಳಿಸಿತು ಎಂದು ಈಗ ಬರೆಯಬಲ್ಲೆ. ಆಗ ಅದು ಯಂತ್ರದ ಸದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಯಂತ್ರ ನಿಂತ ಮೇಲೂ ಕೇಳಿಸಿದಾಗ ಚಳಿಗೆ ಹಾಗೆ ಎಂದುಕೊಂಡೆ.

ಬಾಗಿಲು ಗುಡಿಗೆ ಹೋಯಿತು. ಪ್ರಸಾದ ಬಂತು. ನಾವು ಡ್ರಮ್ಮನ್ನು ತೊಳೆದು ಮೋಟಾರು ಮತ್ತೆ ಹಾಕಿದೆವು, ಕಿಟಕಿ ಬೆರಳಷ್ಟು ತೆರೆದೆವು. ಅತ್ತೆಯ ಎದೆ ಮಾತ್ರ ತಿರುಗಿ ಸರಿಯಾಗಲಿಲ್ಲ. ಸೆಖೆಗಾಲದಲ್ಲಿ ಕುಂದಾಪುರದ ಆಸ್ಪತ್ರೆಗೆ ಸೇರಿಸಿದೆವು. ಎಂಟು ದಿನ. ಡಾಕ್ಟರು ವಯಸ್ಸಾಗಿದೆ, ಹೃದಯವೂ ಸೋತಿದೆ ಎಂದರು. ಮನೆಯಲ್ಲಿ ಹೊಗೆ, ಧೂಳು ಏನಾದರೂ ಇದೆಯಾ ಎಂದು ನನ್ನನ್ನು ಕೇಳಿದರು.

"ಹೊಗೆ ಇಲ್ಲ ಡಾಕ್ಟ್ರೆ, ಗ್ಯಾಸ್ ಒಲೆ" ಎಂದೆ.

ಅವರು ತಲೆಯಾಡಿಸಿ ಬರೆದುಕೊಂಡರು. ಧೂಳು ಎಂಬ ಇನ್ನೊಂದು ಪದವನ್ನು ಎರಡನೇ ಸಲ ಕೇಳಲಿಲ್ಲ. ಒಂಬತ್ತನೆಯ ಬೆಳಿಗ್ಗೆ ಗಂಡ ಅವರ ಬಾಯಿಗೆ ಒಂದು ಚಮಚ ನೀರು ಬಿಟ್ಟು ಹೊರಗೆ ಹೋಗಿದ್ದರು. ನಾನು ಹೊದಿಕೆ ಮಡಿಸುತ್ತಿರುವಾಗ ಅತ್ತೆಯ ಎದೆಯ ಸೀಟಿ ನಿಂತಿತು. ಹಿಂದೆ ತಿರುಗಿ ನೋಡುವ ಮೊದಲು, ಉಸಿರು ಸರಿಯಾಯಿತು ಎಂದುಕೊಂಡೆ. ಆ ಅರೆಗಳಿಗೆಯ ನೆಮ್ಮದಿಗೆ ನಾನು ಇವತ್ತಿಗೂ ಹೆದರುತ್ತೇನೆ.

ಹದಿಮೂರನೆಯ ದಿನ ಕಳೆದು, ಬಂದವರೆಲ್ಲ ಹೋದ ಮೇಲೆ, ಮಧ್ಯಾಹ್ನ ಮನೆ ಒರೆಸಲು ಕುಳಿತೆ. ಅತ್ತೆಯ ಕೋಣೆಯಿಂದ ಬಚ್ಚಲಿಗೆ ಹೋಗುವ ಓಣಿಯ ಗೋಡೆಗೆ ಹಸಿರು ಆಯಿಲ್ ಪೈಂಟು. ಹಿಂಬಾಗಿಲಿನಿಂದ ಬಿಸಿಲು ಓರೆಯಾಗಿ ಬಿದ್ದಿತ್ತು. ನೆಲದಲ್ಲಿ ಕುಳಿತವಳಿಗೆ ಗೋಡೆಯ ಮೇಲೆ ಒಂದು ಕೈ ಕಂಡಿತು.

ಅಂಗೈ, ಐದು ಬೆರಳು, ಎಲ್ಲವೂ ಹಳದಿ. ಮದುವೆಮನೆಯಲ್ಲಿ ಅರಿಶಿನದ ಕೈ ಒತ್ತಿದ ಹಾಗೆ. ಅತ್ತೆ ದಿನವೂ ಮೊಣಕೈ ತನಕ ತೆಂಗಿನೆಣ್ಣೆ ಹಚ್ಚಿಕೊಳ್ಳುವವರು. ಎಣ್ಣೆಯ ಕೈ ಗೋಡೆಗೆ ಊರಿದಲ್ಲಿ ಹುಡಿ ಹಿಡಿದು ಕುಳಿತಿತ್ತು. ಹಳದಿ ಹುಡಿ ಎಂದರೆ ಹಲಸು. ಹಲಸು ನಮ್ಮ ಮನೆಯಲ್ಲಿ ಕೆತ್ತಿದ್ದು ಆ ಹದಿನೆಂಟು ದಿನ ಮಾತ್ರ.

ಸ್ವಲ್ಪ ಮುಂದೆ ಇನ್ನೊಂದು ಕೈ. ಅದರ ಮುಂದೆ ಇನ್ನೊಂದು. ಮಂಚದಿಂದ ಬಚ್ಚಲಿಗೆ ಹನ್ನೆರಡು ಹೆಜ್ಜೆ, ನಾನು ನಡೆದು ನೋಡಿದ್ದೇನೆ. ಹನ್ನೆರಡು ಹೆಜ್ಜೆಗೆ ಏಳು ಕೈ. ಪ್ರತಿ ಸಲವೂ ಅವೇ ಜಾಗಗಳಲ್ಲಿ ನಿಂತಿರಬೇಕು, ಒಂದರ ಮೇಲೆ ಒಂದು ಬಿದ್ದು ಅಂಚು ದಪ್ಪವಾಗಿತ್ತು. ಅವರು ಏಳು ಸಲ ಗೋಡೆಗೆ ಒರಗಿ ಉಸಿರು ಹುಡುಕಿದ್ದು ನನಗೆ ಗೊತ್ತಿರಲಿಲ್ಲ. ನಾನು ಆಗ ಎದುರಿನ ಕೋಣೆಯಲ್ಲಿ ನೆಲಕ್ಕೆ ಮುಖ ಹಚ್ಚಿ ದೇವರ ಹುಡಿ ಬಳಿಯುತ್ತಿದ್ದೆ.

ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬಕೆಟಿಗೆ ಹಾಕಿದೆ. ಗೋಡೆ ಒರೆಸಲಿಲ್ಲ.

ಅದಾಗಿ ಎರಡು ದಿನಕ್ಕೆ ಗಂಡ ಬ್ರಹ್ಮಾವರಕ್ಕೆ ಹೋಗಿ ಒಂದು ಸುರುಳಿ ಬರಿಯ ತಾಮ್ರದ ತಂತಿ ತಂದರು. ಪೈಪಿನ ಉದ್ದಕ್ಕೂ ಸುತ್ತಿದರು, ಒಳಗಿನಿಂದಲೂ ಒಂದು ಎಳೆ ಹಾಯಿಸಿದರು, ಕೊನೆಯನ್ನು ಹೊರಗೆ ನೆಲದಲ್ಲಿ ಹುಗಿದ ಅರ್ತಿಂಗ್ ಸರಳಿಗೆ ಕಟ್ಟಿದರು.

"ಇದೆಂತಕ್ಕೆ?" ಎಂದೆ.

"ಒಣ ಗಾಳಿಲಿ ಹುಡಿ ಪೈಪಿಗೆ ಉಜ್ಜಿ ಉಜ್ಜಿ ಕರೆಂಟ್ ಹುಟ್ಟುತ್ತಂಬ್ರ್. ಈಗ ಅದ್ ನೆಲಕ್ಕೆ ಹೋತ್ತ್."

"ಯಾರ್ ಹೇಳ್ದ್ರ್?"

"ಅಂಗ್ಡಿಯರ್."

ಮಳೆ ಹಿಡಿಯುವ ಮೊದಲಿನ ಒಣ ದಿನಗಳವು. ಕೆಲಸ ಮುಗಿದ ಮೇಲೆ ನಾನು ಒಬ್ಬಳೇ ಹೋಗಿ ಪೈಪಿಗೆ ಕೈ ಇಟ್ಟೆ. ಏನೂ ಆಗಲಿಲ್ಲ. ಎರಡೂ ಕೈಯಲ್ಲಿ ಹಿಡಿದೆ. ಒಮ್ಮೆ ಹೊಡೆಯಲಿ ಎಂದು ದೇವರಲ್ಲಿ ಕೇಳಿಕೊಂಡೆ. ಹೊಡೆದಿದ್ದರೆ ಅದು ದೈವದ್ದೇ ಆಗುತ್ತಿತ್ತು, ನನ್ನ ತಪ್ಪು ಅಷ್ಟು ಕಡಿಮೆಯಾಗುತ್ತಿತ್ತು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ. ಚೀಲ ತುಂಬುತ್ತ ಬಂದ ಹಾಗೆ ಮೋಟಾರಿಗೆ ಗಾಳಿ ಸಾಲದೆ ಒಂದು ಸೀಟಿ ಹೊರಡುತ್ತದೆ, ಸಣ್ಣಗೆ, ಎಳೆದು ಎಳೆದು. ಮೊದಲ ಸಲ ಕೇಳಿದಾಗ ನಾನು ಅನ್ನದ ಪಾತ್ರೆ ಬಿಟ್ಟು ಅತ್ತೆಯ ಕೋಣೆಗೆ ಓಡಿದ್ದೆ, ಪಂಪು ಹುಡುಕಲು ತಲೆದಿಂಬು ಎತ್ತಿದ್ದೆ. ಚೀಲವನ್ನು ಕೊಡವಿದ ಕೂಡಲೇ ಸದ್ದು ನಿಲ್ಲುತ್ತದೆ. ಅಷ್ಟೇ ಕೆಲಸ ಅದು, ಎರಡು ನಿಮಿಷದ್ದು. ಈಗ ಸೀಟಿ ಏಳುವ ಮೊದಲೇ ಹೋಗಿ ಕೊಡವುತ್ತೇನೆ. ದಿನಕ್ಕೆ ನಾಲ್ಕು ಸಲ, ಅಗತ್ಯ ಇಲ್ಲದಿದ್ದರೂ.

ಇನ್ನೊಂದು ಸಂಗತಿ. ಹುಡಿ ಮೊದಲಿನಂತೆ ಬೀಳುತ್ತಿದ್ದರೆ ಗೋಡೆಯ ಮೇಲಿನ ಕೈಗಳು ಒಂದೇ ತಿಂಗಳಲ್ಲಿ ಮುಚ್ಚಿಹೋಗುತ್ತಿದ್ದವು. ನಾವು ಹುಡಿಯನ್ನು ಚೆನ್ನಾಗಿ ಹಿಡಿದೆವು. ಲಂಗಕ್ಕೆ ಹೊಸ ಪಟ್ಟಿ ಹಾಕಿದೆ, ಬಾಗಿಲ ಸಂದಿಗೆ ರಬ್ಬರು ಅಂಟಿಸಿದೆವು. ಓಣಿಗೆ ಒಂದು ಕಣ ಬರುವುದಿಲ್ಲ. ಹಾಗಾಗಿ ಏಳು ಕೈಗಳೂ ಒತ್ತಿದ ದಿನದ ಹಾಗೆಯೇ ಇವೆ. ಮಧ್ಯಾಹ್ನದ ಬಿಸಿಲಿಗೆ ಒಂದೊಂದಾಗಿ ಬೆಳಗುತ್ತವೆ, ಕೋಣೆಯ ಕಡೆಯಿಂದ ಬಚ್ಚಲಿನ ಕಡೆಗೆ, ಯಾರೋ ನಡೆಯುತ್ತಿರುವ ಹಾಗೆ. ಆ ಹೊತ್ತಿಗೆ ನಾನು ಬಚ್ಚಲಿಗೆ ಹೋಗುವುದಿಲ್ಲ. ಗಂಡ ಹೋಗುತ್ತಾರೆ, ಗೋಡೆಗೆ ತಾಗದಂತೆ ಭುಜ ಓರೆ ಮಾಡಿಕೊಂಡು. ಒರೆಸು ಎಂದು ಅವರು ಹೇಳಿಲ್ಲ. ನಾನೂ ಕೇಳಿಲ್ಲ.

ದೇವರ ಮೇಲೆ ನನಗೆ ಮುನಿಸಿಲ್ಲ. ದೀಪ ಹಚ್ಚುತ್ತೇನೆ, ಎಣಿಸುತ್ತೇನೆ. ಅತ್ತೆ ಹಾಸಿಗೆ ಹಿಡಿದು ವರ್ಷಗಟ್ಟಲೆ ನರಳಲಿಲ್ಲ, ಮಗನ ಕೈಯಿಂದಲೇ ಬಾಯಿಗೆ ನೀರು ಬಿತ್ತು. ಇವೂ ಕೊಟ್ಟದ್ದೇ.

ಈ ಸಲ ದೀಪಾವಳಿ ಕಳೆದ ಮೇಲೆ ಬೈಂದೂರು ಕಡೆಯಿಂದ ಒಬ್ಬ ಹಿರಿಯರು ಬಂದರು. ಅಲ್ಲಿಯೂ ಒಂದು ಗುಡಿ, ಅಲ್ಲಿಗೂ ಬಾಗಿಲು, ಹಲಸಿನದ್ದೇ. ಗಂಡ ಪೇಟೆಗೆ ಹೋಗಿದ್ದರು. ಅವರು ಜಗಲಿಯಲ್ಲಿ ಕುಳಿತು ಬೆಲ್ಲ ನೀರು ಕುಡಿದರು. ನಾನು ಈ ಸಲ ಮೊದಲೇ ಕೇಳಬೇಕೆಂದು ಗಟ್ಟಿ ಮಾಡಿಕೊಂಡಿದ್ದೆ. ಅವರು ಆಗುವುದಿಲ್ಲ ಎಂದರೆ ಹಲಗೆ ಇಳಿಸಲು ಬಿಡುವುದಿಲ್ಲ ಎಂದೂ ನಿಶ್ಚಯಿಸಿದ್ದೆ.

"ಒಂದ್ ಮಾತ್ ಕೇಣ್ಕಿತ್ತ್" ಎಂದೆ. "ಹುಡಿ ಎಳುಕೆ ನಮ್ಮಲ್ಲ್ ಮೋಟಾರ್ ಇತ್ತ್. ದೇವ್ರ್ ಮರದ್ ಹುಡಿ ಬೇರೆ ಹುಡಿ ಒಟ್ಟಿಗೆ ಡ್ರಮ್ಮಿಗೆ ಬೀಳತ್ತ್. ಅಡ್ಡಿ ಇತ್ತಾ?"

ಅವರಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಲೋಟ ಕೆಳಗಿಟ್ಟು, "ಹುಡಿ ಕತೆ ಎಂತಕ್ಕಮ್ಮ?" ಎಂದರು.

"ಅಲ್ಲ, ದೇವ್ರದ್ದಲ್ದಾ."

"ಪ್ರತಿಷ್ಠೆ ಆದ್ಮೇಲೆ ಅದ್ ದೇವ್ರದ್ದ್. ಅಲ್ಲಿವರಿಗೆ ಮರ. ಮಿಲ್ಲಲ್ಲ್ ಸೀಳುವತಿಗೆ ಚೀಲಗಟ್ಲೆ ಹುಡಿ ಬಿತ್ತಲೆ, ಮಿಲ್ಲಿನರ್ ಬಚ್ಚಲ್ ಒಲೆಗೆ ಹಾಕಿ ನೀರ್ ಕಾಯ್ಸಿರ್. ಯಾವ್ ದೈವ ಎಂತ ಹೇಳಿತ್? ನಮ್ಗೆ ಬಾಗ್ಲ್ ಬೇಕ್, ಹುಡಿ ನೀವೇ ಇಟ್ಕಣಿ."

ತಮ್ಮ ಮಾತಿಗೆ ತಾವೇ ನಕ್ಕರು. ನಾನೂ ನಗಬೇಕಿತ್ತು. ವಂಡ್ಸೆಯ ಹಲಗೆಗಳೂ ಮಿಲ್ಲಿನಲ್ಲಿ ಸೀಳಿಯೇ ಬಂದಿದ್ದವು. ಅವುಗಳ ಅಂಚಿನಲ್ಲಿ ಗರಗಸದ ಗೆರೆಗಳನ್ನು ನಾನೇ ಕೈಯಾಡಿಸಿ ನೋಡಿದ್ದೆ. ಆ ಹುಡಿ ಎಲ್ಲಿಗೆ ಹೋಯಿತೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಆ ಗುಡಿ ನಮ್ಮ ಮನೆಯಿಂದ ಬಸ್ಸಿನಲ್ಲಿ ಕಾಲು ಗಂಟೆ. ಹೋಗಿ ಕೇಳಿದ್ದರೆ ಆಗುತ್ತಿತ್ತು.

ಮಧ್ಯಾಹ್ನ ಗಂಡನಿಗೆ ಬಡಿಸುತ್ತ ಆ ಹಿರಿಯರ ಮಾತನ್ನು ಇದ್ದ ಹಾಗೆ ಹೇಳಿದೆ. ಅವರು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು.

"ತಂತಿ ವಿಷ್ಯ ಅಂಗ್ಡಿಯರ್ ಹೇಳದ್ದಲ್ಲ" ಎಂದರು.

ನಾನು ಸೌಟು ಕೆಳಗಿಟ್ಟೆ.

"ಮುಂಬೈಲಿ ಪೈಪಿಗೆ ತಂತಿ ಸುತ್ತುದ್ ನನ್ದೇ ಕೆಲ್ಸ. ನೀ ಶಾಕ್ ಹೊಡಿತ್ ಅಂದ್ ದಿನವೇ ಗೊತ್ತಾಯ್ತ್ ಅದ್ ಎಂತದ್ದ್ ಅಂದೆಳಿ."

"ಮತ್ತೆ ಹೇಳ್ಲಿಲ್ಲ ನೀವ್."

"ಅಬ್ಬಿಯೂ ಹೇಳ್ದ್ರ್, ನೀನೂ ಹೇಳ್ದೆ. ನಂಗೂ ಹೆದ್ರಿಕೆ ಆಯ್ತ್. ಒಂದ್ ವೇಳೆ ಹೌದಾರೆ ಎಂತ ಮಾಡುದ್?" ಅನ್ನವನ್ನು ಒಂದು ಬದಿಗೆ ಸರಿಸಿ ಕೇಳಿದರು, "ನಾ ಹೇಳಿರೆ ನೀ ಕೇಂತಿದ್ಯಾ?"

ಕೇಳುತ್ತಿದ್ದೆ ಎಂದರೆ ಪಾಪವೆಲ್ಲ ಅವರ ತಲೆಗೆ. ಸುಳ್ಳು ಹೇಳುವಷ್ಟು ಧೈರ್ಯ ನನಗಿರಲಿಲ್ಲ.

"ಇಲ್ಲ" ಎಂದೆ.

ಅವರಿಗೆ ತಂತಿ ಗೊತ್ತಿತ್ತು. ನನಗೆ ಎದೆಯ ಸೀಟಿ ಗೊತ್ತಿತ್ತು. ಅತ್ತೆಗೆ ಎಷ್ಟು ಗೊತ್ತಿತ್ತೋ ದೇವರೇ ಬಲ್ಲ. ಮೂವರೂ ಒಂದೇ ಸೂರಿನಡಿ ಹದಿನೆಂಟು ದಿನ ಇದ್ದೆವು.

ಅವರು ಅರ್ಧ ಊಟಕ್ಕೆ ಎದ್ದು ಕೈ ತೊಳೆದು ಬದಿಯ ಕೋಣೆಗೆ ಹೋದರು. ಎಳೆಯುವ ಮೋಟಾರು ಶುರುವಾದ ಸದ್ದು ಕೇಳಿತು. ಹೋಗಿ ನೋಡಿದರೆ ಯಂತ್ರ ನಿಂತೇ ಇತ್ತು, ಮೇಜಿನ ಮೇಲೆ ಮರವಿರಲಿಲ್ಲ, ಎಳೆಯಲು ಹುಡಿಯೂ ಇರಲಿಲ್ಲ. ಅವರು ಸ್ವಿಚ್ಚಿನ ಹತ್ತಿರ ಸ್ಟೂಲಿನ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ಬರಿಯ ಗಾಳಿಯನ್ನು ಎಳೆಯುತ್ತ ಮೋಟಾರು ಬಹಳ ಹೊತ್ತು ಓಡಿತು. ಈ ಸಲ ನಿಲ್ಲಿಸಿ ಎಂದು ನಾನು ಹೇಳಲಿಲ್ಲ.